ಮೊರೆಲ್ ಅಣಬೆಗಾಗಿ ನೆಲಕ್ಕಿಂತ ಮೊದಲು ಮರ ನೋಡಲು ಕಲಿತೆ

ಮೊದಲ ಮೂರು ವಸಂತಗಳಲ್ಲಿ ನಾನು ಕಾಡಿನಿಂದ ಬರಿಗೈಯಲ್ಲೇ ಹಿಂತಿರುಗಿದೆ. ನಸುಕಿನಲ್ಲೇ ಹೊರಟು, ನಾಲ್ಕೈದು ತಾಸು ತಲೆ ತಗ್ಗಿಸಿಕೊಂಡು ತರಗೆಲೆಗಳ ನಡುವೆ ನಡೆದು, ಬೆನ್ನು ನೋಯಿಸಿಕೊಂಡು ಮನೆಗೆ ಬರುತ್ತಿದ್ದೆ. ಮೂರನೆಯ ವರ್ಷದ ಒಂದು ದಿನ, ನನಗಿಂತ ಎರಡು ತಾಸು ತಡವಾಗಿ ಅದೇ ಕಾಡಿಗೆ ಬಂದಿದ್ದ ಹಿರಿಯರೊಬ್ಬರು ಅರ್ಧ ಬುಟ್ಟಿ ಮೊರೆಲ್ ಹಿಡಿದು ನನ್ನೆದುರಿಗೇ ಹಾದುಹೋದರು. ಅವರನ್ನು ಮಾತನಾಡಿಸಿ, ಅನುಮತಿ ಕೇಳಿ, ಸ್ವಲ್ಪ ದೂರ ಅವರ ಹಿಂದೆಯೇ ನಡೆದೆ. ಅವರ ಕಣ್ಣು ನೆಲದ ಮೇಲೆ ಇರಲೇ ಇಲ್ಲ. ದೂರದ ಮರಗಳ ನೆತ್ತಿಯನ್ನು ನೋಡುತ್ತ ಬಿರುಸಾಗಿ ನಡೆಯುತ್ತಿದ್ದ ಅವರು, ಚಿಗುರದೆ ನಿಂತಿದ್ದ ಒಂದು ಮರ ಕಂಡ ಕೂಡಲೇ ನೇರವಾಗಿ ಅದರ ಬುಡಕ್ಕೆ ಹೋಗಿ, ಅಲ್ಲಿ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ನಿಧಾನವಾಗಿ ಸುತ್ತಲೂ ಕಣ್ಣಾಡಿಸಿದರು. ಏನೂ ಸಿಗದಿದ್ದರೆ ಎದ್ದು ಮತ್ತೆ ಮರಗಳ ನೆತ್ತಿ ನೋಡುತ್ತ ಮುಂದೆ ಹೋಗುತ್ತಿದ್ದರು. ನಾನು ಮೂರು ವರ್ಷ ಮಾಡಿದ್ದ ತಪ್ಪು ಏನೆಂದು ಆ ಅರ್ಧ ತಾಸಿನಲ್ಲಿ ಅರ್ಥವಾಯಿತು. ನಾನು ಅಣಬೆಯನ್ನು ಹುಡುಕುತ್ತಿದ್ದೆ, ಅವರು ಅಣಬೆ ಏಳಬಹುದಾದ ಜಾಗವನ್ನು ಹುಡುಕುತ್ತಿದ್ದರು.

ಅದಾದ ಮೇಲೆ ಹನ್ನೊಂದು ವಸಂತಗಳು ಕಳೆದಿವೆ. ಈ ಅವಧಿಯಲ್ಲಿ ನಾನು ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಹೊಸದಾಗಿ ಹುಡುಕಲು ಹೊರಡುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊರೆಲ್ ಎಂದರೆ ಮೊರ್ಚೆಲ್ಲ ಎಂಬ ಕುಲಕ್ಕೆ ಸೇರಿದ ಅಣಬೆಗಳು. ಹಿಮಾಲಯದ ತಪ್ಪಲಿನಲ್ಲಿ ಗುಚ್ಛಿ ಎಂಬ ಹೆಸರಿನಿಂದ ಪರಿಚಿತವಾಗಿರುವುದು ಇದೇ ಕುಲದ ಅಣಬೆ. ನಾವು ಸಾಮಾನ್ಯವಾಗಿ ಕಾಣುವ ಅಣಬೆಗಳಿಗೆ ಕೊಡೆಯಾಕಾರದ ತಲೆಯೂ ಅದರ ಕೆಳಗೆ ಹಾಳೆಗಳಂತಹ ಪದರಗಳೂ ಇರುತ್ತವೆ. ಮೊರೆಲ್‌ಗೆ ಅದಾವುದೂ ಇಲ್ಲ. ಅದರ ತಲೆ ಜೇನಿನ ಎರಿಯಂತೆ ಗುಳಿಗಳಿಂದಲೂ ಗುಳಿಗಳ ನಡುವಿನ ಏಣುಗಳಿಂದಲೂ ತುಂಬಿರುತ್ತದೆ ಮತ್ತು ಬೀಜಕಗಳು, ಅಂದರೆ ಅಣಬೆಯ ಸಂತಾನ ಹರಡುವ ಸೂಕ್ಷ್ಮ ಕಣಗಳು, ಆ ಗುಳಿಗಳ ಒಳಮೈಯಲ್ಲಿ ಹುಟ್ಟುತ್ತವೆ. ಮುಖ್ಯವಾಗಿ ಎರಡು ಗುಂಪುಗಳನ್ನು ಹುಡುಕುವವರು ಗುರುತಿಸುತ್ತಾರೆ. ಏಣುಗಳು ಬಲಿಯುತ್ತಿದ್ದಂತೆ ಕಪ್ಪಾಗುವ ಕಪ್ಪು ಮೊರೆಲ್ ಮೊದಲು ಏಳುತ್ತದೆ. ಏಣುಗಳು ಗುಳಿಗಳಿಗಿಂತ ತಿಳಿಯಾಗಿಯೇ ಉಳಿಯುವ ಹಳದಿ ಮೊರೆಲ್ ಅದರ ಹಿಂದೆಯೇ, ಒಂದೆರಡು ವಾರಗಳಲ್ಲಿ ಬರುತ್ತದೆ. ಹೊರನೋಟಕ್ಕೆ ಒಂದೇ ರೀತಿ ಕಂಡರೂ ಒಳಗೆ ಅನೇಕ ಪ್ರಭೇದಗಳಿವೆ. 2012ರಲ್ಲಿ ಉತ್ತರ ಅಮೆರಿಕದ ಮೊರೆಲ್‌ಗಳ ಡಿಎನ್‌ಎ ಆಧರಿಸಿ ಒಂದೇ ಪ್ರಬಂಧದಲ್ಲಿ 14 ಹೊಸ ಪ್ರಭೇದಗಳನ್ನು ಹೆಸರಿಸಲಾಯಿತು. ಹುಡುಕುವವನಿಗೆ ಈ ಹೆಸರುಗಳು ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ಒಂದೊಂದು ಪ್ರಭೇದವೂ ಒಂದೊಂದು ಬಗೆಯ ಮರ, ಮಣ್ಣು ಮತ್ತು ಸಮಯವನ್ನು ಆರಿಸಿಕೊಳ್ಳುತ್ತದೆ ಎಂಬುದು ನೆನಪಿರಬೇಕು. ಒಂದು ಕಾಡಿನಲ್ಲಿ ಫಲಿಸಿದ ಲೆಕ್ಕಾಚಾರ ಇನ್ನೊಂದು ಕಾಡಿನಲ್ಲಿ ತಪ್ಪುವುದಕ್ಕೆ ಇದೇ ಕಾರಣ.

ನೆಲದ ಮೇಲೆ ಕಾಣುವುದು ಈ ಜೀವಿಯ ಕೆಲವೇ ದಿನಗಳ ರೂಪ. ವರ್ಷದ ಉಳಿದ ಕಾಲವೆಲ್ಲ ಅದು ಮಣ್ಣಿನೊಳಗೆ ಬಿಳಿಯ ಎಳೆಗಳಾಗಿ ಹರಡಿಕೊಂಡಿರುತ್ತದೆ. ಚಳಿಗಾಲಕ್ಕೆ ಮುಂಚೆ ತನ್ನ ಆಹಾರವನ್ನು ಸಣ್ಣ ಸಣ್ಣ ಗಟ್ಟಿ ಗಂಟುಗಳಲ್ಲಿ ಕೂಡಿಟ್ಟುಕೊಂಡು, ಮಂಜು ಕರಗಿ ಮಣ್ಣು ಬೆಚ್ಚಗಾದಾಗ ಆ ಸಂಗ್ರಹದ ಬಲದಿಂದಲೇ ಮೇಲೆ ಏಳುತ್ತದೆ. ಬಹುಕಾಲ ಇದನ್ನು ಯಾರಿಂದಲೂ ಬೆಳೆಸಲಾಗಿರಲಿಲ್ಲ. 1982ರಲ್ಲಿ ರೊನಾಲ್ಡ್ ಓವರ್ ಎಂಬವರು ಕೋಣೆಯೊಳಗೆ ಮೊರೆಲ್ ಬೆಳೆಸಿದ ವಿವರವನ್ನು ಪ್ರಕಟಿಸಿದಾಗ ಅವರ ವಿಧಾನದ ತಿರುಳು ಈ ಗಂಟುಗಳೇ ಆಗಿದ್ದವು. ಈಗ ಚೀನಾದಲ್ಲಿ ಹೊಲಗಳಲ್ಲೇ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ. ಹಾಗಿದ್ದೂ ಕಾಡಿನಲ್ಲಿ ಹುಡುಕುವುದರ ಸೆಳೆತ ನನ್ನ ಮಟ್ಟಿಗೆ ಒಂದಿಷ್ಟೂ ಕಡಿಮೆಯಾಗಿಲ್ಲ.

ಈಗ ಮರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ನಂತರದ್ದು. ನಾನು ನಡೆಯುವ ಕಾಡುಗಳಲ್ಲಿ ಹಳದಿ ಮೊರೆಲ್‌ಗೆ ಅತ್ಯಂತ ಭರವಸೆಯ ಮರವೆಂದರೆ ಇತ್ತೀಚೆಗೆ ಸತ್ತ ಎಲ್ಮ್, ತಂಪು ನಾಡುಗಳಲ್ಲಿ ಬೆಳೆದು ಚಳಿಗಾಲದಲ್ಲಿ ಎಲೆ ಉದುರಿಸುವ ಒಂದು ದೊಡ್ಡ ಮರ. ಎಲ್ಮ್ ಮರಗಳನ್ನು ಒಂದು ಶಿಲೀಂಧ್ರರೋಗ ಕೊಲ್ಲುತ್ತದೆ. ತೊಗಟೆ ಕೊರೆಯುವ ದುಂಬಿಗಳು ಆ ರೋಗವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತವೆ. 1920ರ ದಶಕದಲ್ಲಿ ಅದರ ಕಾರಣವನ್ನು ಪತ್ತೆ ಹಚ್ಚಿದವರು ನೆದರ್ಲೆಂಡ್ಸ್‌ನ ವಿಜ್ಞಾನಿಗಳಾದ್ದರಿಂದ ಅದಕ್ಕೆ ಡಚ್ ಎಲ್ಮ್ ರೋಗ ಎಂಬ ಹೆಸರು ಬಂದಿದೆ. ಮರ ಸಾಯುತ್ತಿರುವಾಗ ಅದರ ಬೇರುಗಳ ಸುತ್ತ ಬದುಕಿದ್ದ ಮೊರೆಲ್‌ಗೆ ಪೋಷಣೆಯ ದಾರಿ ಮುಚ್ಚಿಹೋಗುತ್ತದೆ, ಆಗ ಅದು ಇದ್ದ ಶಕ್ತಿಯನ್ನೆಲ್ಲ ಬೀಜಕಗಳಿಗಾಗಿ ಸುರಿದುಬಿಡುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ನಾನು ಬುಡದಲ್ಲಿ ಕಂಡದ್ದೂ ಅದಕ್ಕೆ ಹೊಂದಿಕೊಳ್ಳುತ್ತದೆ. ಹಸಿರಾಗಿ ನಳನಳಿಸುವ ಎಲ್ಮ್ ಕೆಳಗೆ ನನಗೆ ಸಿಕ್ಕದ್ದು ತೀರ ಅಪರೂಪ. ತೊಗಟೆಯೆಲ್ಲ ಉದುರಿ, ಬೆಳ್ಳಗಾಗಿ, ವರ್ಷಗಳೇ ಕಳೆದ ಮರದ ಕೆಳಗೂ ಏನೂ ಇರುವುದಿಲ್ಲ. ಬೇಕಾದದ್ದು ಇವೆರಡರ ನಡುವಿನ ಮರ. ಅದರ ಸಣ್ಣ ರೆಂಬೆಗಳು ಇನ್ನೂ ಉಳಿದಿರುತ್ತವೆ, ತೊಗಟೆ ಕಾಂಡದಿಂದ ಬಿಟ್ಟುಕೊಳ್ಳಲು ಆರಂಭಿಸಿರುತ್ತದೆ, ಒಂದೆರಡು ಅಗಲವಾದ ಚಕ್ಕೆಗಳು ಬುಡದಲ್ಲಿ ಬಿದ್ದಿರುತ್ತವೆ.

ಸತ್ತ ಮರಕ್ಕೆ ಎಲೆ ಇರುವುದಿಲ್ಲವಾದ್ದರಿಂದ ಎಲ್ಮ್ ಎಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಒಂದು ವರ್ಷ ಪೂರ್ತಿ ಕಾಡಿತು. ಅದಕ್ಕೆ ಉತ್ತರ ಬಿದ್ದ ತೊಗಟೆಯಲ್ಲೇ ಇದೆ. ಅಮೆರಿಕನ್ ಎಲ್ಮ್‌ನ ದಪ್ಪ ತೊಗಟೆಯ ಒಂದು ತುಂಡನ್ನು ಕೈಯಲ್ಲಿ ಮುರಿದು, ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ, ಕಂದು ಬಣ್ಣದ ಪದರ, ಅದರ ಮೇಲೆ ಕೆನೆ ಬಣ್ಣದ ಪದರ, ಮತ್ತೆ ಕಂದು, ಮತ್ತೆ ಕೆನೆ, ಹೀಗೆ ಒಂದರ ಮೇಲೊಂದು ಕಾಣುತ್ತವೆ. ಒಳಮೈಯನ್ನು ತಿರುಗಿಸಿದರೆ ದುಂಬಿಮರಿಗಳು ಕೊರೆದ ಗೆರೆಗಳು ಒಂದು ನಡುಗೆರೆಯಿಂದ ಎರಡೂ ಕಡೆಗೆ ಕಾಲುಗಳಂತೆ ಚಾಚಿರುತ್ತವೆ. ಮೊದಲ ಬಾರಿಗೆ ಈ ಎರಡೂ ಗುರುತುಗಳು ಒಂದೇ ಚಕ್ಕೆಯಲ್ಲಿ ಸಿಕ್ಕ ದಿನ ನಾನು ಆ ಮರದ ಬುಡದಲ್ಲೇ ಕುಳಿತುಬಿಟ್ಟೆ. ಕೈಯಲ್ಲಿ ತೊಗಟೆ ಹಿಡಿದುಕೊಂಡೇ ಪಕ್ಕಕ್ಕೆ ನೋಡಿದಾಗ, ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ಒಣಗಿದ ಎಲೆಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು, ಬೆರಳುದ್ದದ ಒಂದು ಹಳದಿ ಮೊರೆಲ್ ನಿಂತಿತ್ತು. ಅದು ನನ್ನ ಮೊದಲನೆಯದು. ಎಲೆಯನ್ನು ಎತ್ತಿದಾಗ ಗುಳಿಗಳಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ, ಒಂದು ಗುಳಿಯೊಳಗೆ ಸಣ್ಣ ಜೇಡವೊಂದು ಮನೆ ಮಾಡಿತ್ತು. ಅದೇ ಮರದ ಸುತ್ತ, ಐದಾರು ಮಾರು ದೂರದೊಳಗೆ, ಆ ಮಧ್ಯಾಹ್ನ ಇಪ್ಪತ್ತಮೂರು ಸಿಕ್ಕವು.

ಎಲ್ಮ್ ಇಲ್ಲದ ಕಡೆ ಆ್ಯಶ್ ಮರಗಳನ್ನು ನೋಡುತ್ತೇನೆ. ಅದರ ರೆಂಬೆಗಳು ಎದುರುಬದುರಾಗಿ ಜೋಡಿಯಲ್ಲಿ ಹೊರಡುತ್ತವೆ, ಬಲಿತ ಮರದ ತೊಗಟೆಯಲ್ಲಿ ವಜ್ರಾಕಾರದ ಜಾಲ ಕಾಣುತ್ತದೆ. ಆದ್ದರಿಂದ ಎಲೆಯಿಲ್ಲದಿದ್ದರೂ ಗುರುತು ಸಿಗುತ್ತದೆ. ಟ್ಯೂಲಿಪ್ ಮರ, ನದೀತೀರದ ಕಾಟನ್‌ವುಡ್, ಪಾಳುಬಿದ್ದ ಸೇಬಿನ ತೋಟ ಇವೂ ಮೊರೆಲ್‌ಗೆ ಹೆಸರಾದವು. ಸೇಬಿನ ತೋಟದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಅಮೆರಿಕದ ಸೇಬಿನ ತೋಟಗಳಲ್ಲಿ ಹುಳುಗಳನ್ನು ಕೊಲ್ಲಲು ಲೆಡ್ ಆರ್ಸೆನೇಟ್ ಎಂಬ ವಿಷವನ್ನು ಸಿಂಪಡಿಸುತ್ತಿದ್ದರು. ಸೀಸವೂ ಆರ್ಸೆನಿಕ್ಕೂ ಮಣ್ಣಿನಿಂದ ಹೋಗುವುದಿಲ್ಲ, ಅವೆರಡನ್ನೂ ಅಣಬೆ ಹೀರಿಕೊಳ್ಳುತ್ತದೆ. ಹಳೆಯ ತೋಟಗಳಲ್ಲಿ ಎಷ್ಟು ಸೊಗಸಾದ ಮೊರೆಲ್ ಕಂಡರೂ ನಾನು ಮುಟ್ಟುವುದಿಲ್ಲ. ರಸ್ತೆಯ ಅಂಚು, ರೈಲುಹಳಿಯ ಪಕ್ಕ, ಕಳೆನಾಶಕ ಹೊಡೆಯುವ ಹುಲ್ಲುಹಾಸು, ಇವುಗಳಿಗೂ ಅದೇ ನಿಯಮ.

ಜಾಗ ಸರಿಯಿದ್ದರೂ ದಿನ ಸರಿಯಿಲ್ಲದಿದ್ದರೆ ಫಲವಿಲ್ಲ. ಆರಂಭದಲ್ಲಿ ನಾನು ಕ್ಯಾಲೆಂಡರ್ ನಂಬುತ್ತಿದ್ದೆ. ಹಿಂದಿನ ವರ್ಷ ಇಂಥ ತಾರೀಕಿಗೆ ಸಿಕ್ಕಿತ್ತಲ್ಲ ಎಂದು ಅದೇ ವಾರ ಹೊರಡುತ್ತಿದ್ದೆ. ಆದರೆ ಒಂದು ವರ್ಷ ಏಪ್ರಿಲ್ 14ರಂದು ಮೊರೆಲ್ ಕೊಟ್ಟ ಇಳಿಜಾರು, ಮರುವರ್ಷ ಚಳಿ ಹಿಂದೆ ಸರಿಯದೆ ಇದ್ದುದರಿಂದ, ಏಪ್ರಿಲ್ 27ರವರೆಗೆ ಒಂದನ್ನೂ ಕೊಡಲಿಲ್ಲ. ಆಗಿನಿಂದ ಉದ್ದನೆಯ ಕಡ್ಡಿಯುಳ್ಳ ಒಂದು ಮಣ್ಣಿನ ಥರ್ಮಾಮೀಟರ್ ಚೀಲದಲ್ಲಿರುತ್ತದೆ. ಬೆಳಗಿನ ಹೊತ್ತು ಅದನ್ನು ಸುಮಾರು ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಎರಡು ನಿಮಿಷ ಕಾದು, ಓದಿದ ಅಂಕಿಯನ್ನು ಜಾಗದ ಹೆಸರಿನೊಂದಿಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಪುಸ್ತಕದ ಪ್ರಕಾರ ಮಣ್ಣು 8 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ನಂತರ ಕಪ್ಪು ಮೊರೆಲ್ ಕಾಣಿಸಿಕೊಳ್ಳುತ್ತವೆ, 10ರಿಂದ 13 ಡಿಗ್ರಿಯ ನಡುವೆ ಹಳದಿಯವು ಸಮೃದ್ಧವಾಗಿ ಸಿಗುತ್ತವೆ. 16 ದಾಟಿದ ಮೇಲೆ ಸಿಕ್ಕವು ಬಲಿತು ಜೊಳ್ಳಾಗಿರುತ್ತವೆ. ರಾತ್ರಿಯ ಚಳಿ 4-5 ಡಿಗ್ರಿಗಿಂತ ಕೆಳಗಿಳಿಯದೆ ಕೆಲವು ದಿನ ಕಳೆದು, ಅದರ ನಡುವೆ ಒಂದು ಸಣ್ಣ ಬೆಚ್ಚನೆಯ ಮಳೆ ಬಂದರೆ, ಅದರ ಎರಡು ಮೂರು ದಿನಗಳ ನಂತರ ನಾನು ಬೇರೆಲ್ಲ ಕೆಲಸವನ್ನೂ ಬದಿಗಿಡುತ್ತೇನೆ.

ಥರ್ಮಾಮೀಟರ್ ಇಲ್ಲದವರೂ ಗಿಡಮರಗಳನ್ನೇ ಅಳತೆಗೋಲಾಗಿ ಮಾಡಿಕೊಳ್ಳಬಹುದು. ಓಕ್ ಮರದ ಎಳೆಯೆಲೆ ಇಲಿಯ ಕಿವಿಯಷ್ಟಾದಾಗ ಮೊರೆಲ್ ಏಳುತ್ತದೆ ಎಂದು ಹಳಬರು ಹೇಳುತ್ತಾರೆ. ಇದು ನನ್ನ ಪುಸ್ತಕದ ಅಂಕಿಗಳೊಂದಿಗೆ ಅನೇಕ ವರ್ಷ ತಾಳೆಯಾಗಿದೆ, ಏಕೆಂದರೆ ಓಕ್ ಚಿಗುರುವುದೂ ಅಣಬೆ ಏಳುವುದೂ ಒಂದೇ ಬಿಸುಪಿಗೆ ಕಾದಿರುತ್ತವೆ. ಬಿಸಿಲು ಹೆಚ್ಚು ಬೀಳುವ ಇಳಿಜಾರು ಮೊದಲು ಬೆಚ್ಚಗಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ದಕ್ಷಿಣಾಭಿಮುಖವಾದ ಮೈ. ಆದ್ದರಿಂದ ಋತುವಿನ ಆರಂಭದಲ್ಲಿ ಅಲ್ಲಿ ಹುಡುಕಿ, ಅಲ್ಲಿ ಮುಗಿದ ಮೇಲೆ ಪೂರ್ವ ಪಶ್ಚಿಮದ ಮೈಗಳಿಗೂ ಕೊನೆಯಲ್ಲಿ ಉತ್ತರದ ನೆರಳಿಗೂ ಹೋಗುತ್ತೇನೆ. ಬೆಟ್ಟವಿರುವ ಕಡೆ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋದರೆ ಒಂದೇ ವಸಂತವನ್ನು ನಾಲ್ಕಾರು ವಾರ ಹಿಂಬಾಲಿಸಬಹುದು.

ಮರದ ಬುಡ ಸೇರಿದ ಮೇಲೆ ನಡಿಗೆಯ ಕ್ರಮವೇ ಬದಲಾಗಬೇಕು. ಅಲ್ಲಿಯವರೆಗಿನ ಬಿರುಸು ಇಲ್ಲಿ ಕೆಲಸಕ್ಕೆ ಬಾರದು. ಮೊರೆಲ್‌ನ ಬಣ್ಣ ಒಣ ಎಲೆಯ ಬಣ್ಣ, ಅದರ ಗುಳಿ ಎಲೆಗಳ ನಡುವಿನ ನೆರಳಿನಂತೆಯೇ ಇರುತ್ತದೆ. ನಿಂತು ಮೇಲಿನಿಂದ ನೋಡಿದರೆ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ. ಕೆಳಗೆ ಕುಳಿತು ನೆಲದ ಮಟ್ಟದಿಂದ ನೋಡಿದಾಗ ಮಾತ್ರ ಅಡ್ಡವಾಗಿ ಬಿದ್ದ ಎಲೆಗಳ ನಡುವೆ ನೆಟ್ಟಗೆ ನಿಂತ ಒಂದು ಆಕಾರ ಬೇರೆಯಾಗಿ ಕಾಣುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ನೋಡುತ್ತ ಹುಡುಕುವುದು ಹೆಚ್ಚು ಅನುಕೂಲ. ಬೆಳಗ್ಗೆ ಮತ್ತು ಸಂಜೆ ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಏಣುಗಳ ನೆರಳು ಉದ್ದವಾಗಿ ಬಿದ್ದು ನೆರವಾಗುತ್ತದೆ. ಒಂದು ಸಿಕ್ಕ ಕೂಡಲೇ ಅದನ್ನು ಕೀಳಲು ಆತುರಪಡದೆ ನಾನು ಇದ್ದಲ್ಲೇ ನಿಲ್ಲುತ್ತೇನೆ. ಅದನ್ನೇ ಅರ್ಧ ನಿಮಿಷ ದಿಟ್ಟಿಸಿ, ಆ ಬಣ್ಣ ಮತ್ತು ಆಕಾರ ಕಣ್ಣಿನಲ್ಲಿ ಕೂತ ನಂತರ ಸುತ್ತಲೂ ನೋಡಿದರೆ, ಮೊದಲು ಕಾಣದಿದ್ದ ಮೂರು ನಾಲ್ಕು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಹೊಸಬರೊಡನೆ ಹೋದಾಗ ಸಿಕ್ಕ ಮೊದಲ ಅಣಬೆಯನ್ನು ಕೀಳದೆ ಅವರನ್ನು ಕರೆದು ತೋರಿಸುತ್ತೇನೆ, ಚಿತ್ರ ನೋಡಿ ಬರುವ ಪಳಗಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಕಾಡ್ಗಿಚ್ಚು ಬಿದ್ದ ಜಾಗಗಳ ವಿಷಯ ಬೇರೆಯೇ. ಪೈನ್, ಫರ್, ಸ್ಪ್ರೂಸ್‌ನಂತಹ ಮರಗಳ ಕಾಡು ಸುಟ್ಟ ಮರುವಸಂತದಲ್ಲಿ ಕೆಲವು ಕಪ್ಪು ಮೊರೆಲ್ ಪ್ರಭೇದಗಳು ಎಣಿಸಲಾಗದಷ್ಟು ಸಂಖ್ಯೆಯಲ್ಲಿ ಏಳುತ್ತವೆ. ಎರಡನೆಯ ವರ್ಷ ತೀರ ಕಡಿಮೆಯಾಗಿ, ಬಳಿಕ ಹೆಚ್ಚುಕಡಿಮೆ ಮಾಯವಾಗುತ್ತವೆ. ನಾನು ಎರಡು ಬಾರಿ ಅಂತಹ ಜಾಗಕ್ಕೆ ಹೋಗಿದ್ದೇನೆ. ಎಲ್ಲವೂ ಬೂದಿಯಾದ ಜಾಗಕ್ಕಿಂತ, ಮರ ಸತ್ತಿದ್ದರೂ ಅದರ ಸೂಜಿಯೆಲೆಗಳು ಉರಿಯದೆ ಕೆಂಪಗೆ ಒಣಗಿ ನೆಲಕ್ಕೆ ಉದುರಿದ್ದ ಜಾಗದಲ್ಲೇ ನನಗೆ ಹೆಚ್ಚು ಸಿಕ್ಕವು. ಆದರೆ ಸುಟ್ಟ ಕಾಡು ಅಪಾಯದ ಜಾಗ. ಬೇರು ಸುಟ್ಟ ಮರಗಳು ಗಾಳಿಯಿಲ್ಲದ ದಿನವೂ ಇದ್ದಕ್ಕಿದ್ದಂತೆ ಉರುಳುತ್ತವೆ, ಬೇರು ಉರಿದುಹೋದ ಪೊಳ್ಳಿನ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ ಕುಸಿಯುತ್ತದೆ. ಗಾಳಿ ಎದ್ದ ಕೂಡಲೇ, ಬುಟ್ಟಿ ತುಂಬಲಿ ಬಿಡಲಿ, ನಾನು ಹೊರಟುಬಿಡುತ್ತೇನೆ. ಅಲ್ಲಿ ಹಾಗೂ ಇತರ ಕಾಡುಗಳಲ್ಲಿಯೂ ಅಣಬೆ ಕೀಳಲು ಅನುಮತಿ ಬೇಕೆ, ಎಷ್ಟರವರೆಗೆ ಒಯ್ಯಬಹುದು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಮೊರೆಲ್‌ನಂತೆ ಕಾಣುವ, ಆದರೆ ಮೊರೆಲ್ ಅಲ್ಲದ ಅಣಬೆಗಳು ಅದೇ ಋತುವಿನಲ್ಲಿ, ಅದೇ ಕಾಡಿನಲ್ಲಿ ಏಳುತ್ತವೆ. ಅವುಗಳಲ್ಲಿ ಅತ್ಯಂತ ಅಪಾಯಕಾರಿ ಜೈರೊಮಿಟ್ರ ಎಂಬ ಹುಸಿ ಮೊರೆಲ್. ಅದರ ತಲೆಯಲ್ಲಿ ಗುಳಿಗಳಿಲ್ಲ. ಕೆಂಗಂದು ಬಣ್ಣದ, ಮಿದುಳಿನಂತೆ ಸುರುಳಿ ಸುರುಳಿಯಾದ ಮಡಿಕೆಗಳಿರುತ್ತವೆ. ಸೀಳಿದರೆ ಒಳಗೆ ಒಂದೇ ಪೊಳ್ಳು ಇರದೆ ಅಡ್ಡಾದಿಡ್ಡಿ ಗೋಡೆಗಳ ಕೋಣೆಗಳು ಕಾಣುತ್ತವೆ. ಅದರಲ್ಲಿರುವ ಜೈರೊಮಿಟ್ರಿನ್ ಎಂಬ ವಸ್ತು ದೇಹದೊಳಗೆ ಮೊನೊಮೀಥೈಲ್ ಹೈಡ್ರಜೀನ್ ಆಗಿ ಒಡೆಯುತ್ತದೆ. ಇದು ರಾಕೆಟ್ ಇಂಧನವಾಗಿ ಬಳಕೆಯಲ್ಲಿರುವ ರಾಸಾಯನಿಕ. ತಿಂದು ಹಲವು ತಾಸುಗಳ ನಂತರ ವಾಂತಿ ಭೇದಿ ಆರಂಭವಾಗಿ, ತೀವ್ರವಾದಾಗ ಯಕೃತ್ತು ಕೆಟ್ಟು ಸಾವೂ ಸಂಭವಿಸುತ್ತದೆ. ಕುದಿಸುವಾಗ ಏಳುವ ಹಬೆ ಕೂಡ ವಿಷವೇ. ಇದರ ಪ್ರಮುಖ ಪ್ರಭೇದದ ವೈಜ್ಞಾನಿಕ ಹೆಸರು ಜೈರೊಮಿಟ್ರ ಎಸ್ಕ್ಯುಲೆಂಟ, ಹಳದಿ ಮೊರೆಲ್‌ಗಳಲ್ಲಿ ಒಂದರ ಹೆಸರು ಮೊರ್ಚೆಲ್ಲ ಎಸ್ಕ್ಯುಲೆಂಟ. ಎಸ್ಕ್ಯುಲೆಂಟ ಎಂದರೆ ಲ್ಯಾಟಿನ್‌ನಲ್ಲಿ ತಿನ್ನಲು ಯೋಗ್ಯವಾದದ್ದು ಎಂದರ್ಥ. ಹೆಸರು ನಂಬಿ ಅಣಬೆ ತಿನ್ನಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ವರ್ಪಾ. ಇದು ಮೊರೆಲ್‌ಗಿಂತ ಸ್ವಲ್ಪ ಮುಂಚೆ ಏಳುವುದರಿಂದ, ಕಾತರದಿಂದ ಕಾಯುತ್ತಿರುವವರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಐದನೆಯ ವರ್ಷ ನನ್ನ ಬುಟ್ಟಿಯೊಳಗೂ ಏಳು ವರ್ಪಾಗಳು ಸೇರಿದ್ದವು. ತಲೆ ಸುಕ್ಕುಸುಕ್ಕಾಗಿ, ತುಸು ದೂರದಿಂದ ಅಚ್ಚು ಮೊರೆಲ್‌ನಂತೆಯೇ ಇತ್ತು. ಮನೆಗೆ ಬಂದು ಒಂದನ್ನು ಮೇಲಿನಿಂದ ಕೆಳಗೆ ನೇರವಾಗಿ ಸೀಳಿದೆ. ತಲೆ ಕಾಂಡದ ತುದಿಗೆ ಮಾತ್ರ ಅಂಟಿಕೊಂಡು, ಬೆರಳಿಗೆ ಹಾಕಿದ ಟೊಪ್ಪಿಯಂತೆ ಸುತ್ತಲೂ ಸಡಿಲವಾಗಿ ಜೋತಾಡುತ್ತಿತ್ತು, ಕಾಂಡದೊಳಗೆ ಹತ್ತಿಯಂತಹ ಬಿಳಿಯ ನಾರು ತುಂಬಿತ್ತು. ನಿಜವಾದ ಮೊರೆಲ್‌ನಲ್ಲಿ ತಲೆಯ ಕೆಳಅಂಚು ಕಾಂಡಕ್ಕೆ ಬೆಸೆದುಕೊಂಡಿರುತ್ತದೆ ಮತ್ತು ತಲೆಯ ತುದಿಯಿಂದ ಕಾಂಡದ ಬುಡದವರೆಗೆ ಒಳಗೆಲ್ಲ ಒಂದೇ ಪೊಳ್ಳು, ಹತ್ತಿಯೂ ಇಲ್ಲ, ಗೋಡೆಯೂ ಇಲ್ಲ. ತಲೆ ಅರ್ಧದವರೆಗೆ ಮಾತ್ರ ಕಾಂಡಕ್ಕೆ ಅಂಟಿರುವ ಒಂದು ಮೊರೆಲ್ ಪ್ರಭೇದವೂ ಇದೆ. ಹೊಸಬರು ಅದನ್ನು ವರ್ಪಾದಿಂದ ಬೇರ್ಪಡಿಸಲು ಪರದಾಡುವುದರಿಂದ ಬಿಟ್ಟುಬಿಡುವುದೇ ಲೇಸು. ಆ ದಿನದಿಂದ ನಾನು ಬುಟ್ಟಿಯಲ್ಲಿರುವ ಪ್ರತಿಯೊಂದನ್ನೂ ಸೀಳಿ ನೋಡದೆ ಒಲೆಯ ಹತ್ತಿರಕ್ಕೆ ಒಯ್ದಿಲ್ಲ. ನೂರಿದ್ದರೆ ನೂರನ್ನೂ ಸೀಳುತ್ತೇನೆ. ಆರಂಭದ ವರ್ಷಗಳಲ್ಲಿ ಇಷ್ಟೂ ಸಾಲದು, ಅಣಬೆಗಳನ್ನು ಬಲ್ಲ ಒಬ್ಬರು ಕಣ್ಣಾರೆ ನೋಡಿ ಒಪ್ಪಿದ ಮೇಲೆಯೇ ತಿನ್ನಬೇಕು.

ನಿಜವಾದ ಮೊರೆಲ್ ಕೂಡ ಹಸಿಯಾಗಿ ವಿಷಕಾರಿ ಎಂಬುದನ್ನು ನಾನು ಓದಿದ್ದೆ, ಆದರೆ ಅದರ ತೂಕ ನನಗೆ ತಟ್ಟಿರಲಿಲ್ಲ. ಆರನೆಯ ವರ್ಷ ಒಂದು ಒಳ್ಳೆಯ ದಿನದ ಸಂಜೆ, ಇಡೀ ಇಡೀ ಮೊರೆಲ್‌ಗಳನ್ನು ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಹುರಿದು, ಹೊರಗೆ ಕೆಂಪಾದದ್ದನ್ನೇ ಬೆಂದಿತೆಂದು ನಂಬಿ, ನಾನೂ ನನ್ನ ಗೆಳೆಯನೂ ತಿಂದೆವು. ಎರಡು ತಾಸಿನೊಳಗೆ ಇಬ್ಬರಿಗೂ ಹೊಟ್ಟೆ ಹಿಂಡಿ ವಾಂತಿ ಶುರುವಾಯಿತು, ರಾತ್ರಿಯೆಲ್ಲ ಅದೇ ಆಯಿತು. ಬೆಳಗಾಗುವಷ್ಟರಲ್ಲಿ ತಗ್ಗಿತಾದರೂ, ನನ್ನನ್ನು ನಂಬಿ ತಟ್ಟೆ ಹಿಡಿದಿದ್ದ ಗೆಳೆಯನನ್ನು ಆ ಸ್ಥಿತಿಗೆ ತಂದದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ. 2023ರ ವಸಂತದಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೋಸ್ಮನ್ ಪಟ್ಟಣದಲ್ಲಿ ಒಂದೇ ಉಪಾಹಾರಗೃಹದಲ್ಲಿ ಹಸಿಯಾದ ಅಥವಾ ಅರೆಬೆಂದ ಮೊರೆಲ್‌ಗಳನ್ನು ಬಡಿಸಿದಾಗ 51 ಜನ ಅಸ್ವಸ್ಥರಾಗಿ, ಅವರಲ್ಲಿ ಇಬ್ಬರು ಸತ್ತರು. ಅವು ಹುಸಿ ಮೊರೆಲ್ ಆಗಿರಲಿಲ್ಲ, ಬೆಳೆಸಿದ ನಿಜವಾದ ಮೊರೆಲ್‌ಗಳೇ ಆಗಿದ್ದವು. ಅದರಲ್ಲಿರುವ ವಿಷವಸ್ತು ಯಾವುದೆಂದು ವಿಜ್ಞಾನಿಗಳು ಇನ್ನೂ ಖಚಿತವಾಗಿ ಗುರುತಿಸಿಲ್ಲ, ಆದರೆ ಚೆನ್ನಾಗಿ ಬೇಯಿಸಿದಾಗ ಅಪಾಯ ತಗ್ಗುತ್ತದೆ. ಈಗ ನಾನು ಸೀಳಿದ ತುಂಡುಗಳನ್ನು ಮುಚ್ಚಳ ಮುಚ್ಚಿ, ಅವು ಬಿಟ್ಟ ನೀರಿನಲ್ಲೇ ಕನಿಷ್ಠ ಹದಿನೈದು ನಿಮಿಷ ಬೇಯಿಸಿ, ಆ ನಂತರವೇ ನೀರು ಇಂಗಿಸಿ ಹುರಿಯುತ್ತೇನೆ. ಬೇಯುವಾಗ ಕಿಟಕಿ ತೆರೆದಿರುತ್ತದೆ. ಮೊದಲ ಬಾರಿ ತಿನ್ನುವವರಿಗೆ ಎರಡು ಮೂರು ತುಂಡಿಗಿಂತ ಹೆಚ್ಚು ಬಡಿಸುವುದಿಲ್ಲ. ಮೊರೆಲ್ ಜೊತೆ ಮದ್ಯ ಸೇವಿಸಿದ ಕೆಲವರಿಗೆ ತೊಂದರೆಯಾದ ವರದಿಗಳಿರುವುದರಿಂದ ಆ ಊಟದಲ್ಲಿ ಮದ್ಯ ಇಡುವುದಿಲ್ಲ.

ಕೀಳುವ ವಿಧಾನದ ಬಗ್ಗೆ ಹುಡುಕುವವರಲ್ಲಿ ಬಿಸಿಬಿಸಿ ವಾದಗಳಿವೆ. ಚಾಕುವಿನಿಂದ ಕತ್ತರಿಸಬೇಕು, ಕಿತ್ತರೆ ಬೇರು ಹಾಳಾಗುತ್ತದೆ ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 29 ವರ್ಷ ಕಾಡಿನ ಅಣಬೆಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕತ್ತರಿಸಿದರೂ ಕಿತ್ತರೂ ಮುಂದಿನ ವರ್ಷಗಳ ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ನೆಲ ತುಳಿದ ಜಾಗಗಳಲ್ಲಿ ಏಳುವ ಅಣಬೆಗಳ ಸಂಖ್ಯೆ ಇಳಿಯಿತು. ಅದು ಎಲ್ಲ ಬಗೆಯ ಅಣಬೆಗಳನ್ನೂ ಕುರಿತ ಅಧ್ಯಯನ. ನಾನು ಅದರಿಂದ ತೆಗೆದುಕೊಂಡದ್ದು ಕಾಲಿನ ಬಗೆಗಿನ ಎಚ್ಚರ. ಒಂದು ಮರದ ಬುಡಕ್ಕೆ ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರುತ್ತೇನೆ, ತರಗೆಲೆಯನ್ನು ಕೋಲಿನಿಂದ ಕೆದಕುವುದಿಲ್ಲ, ಎತ್ತಿದ ಎಲೆಯನ್ನು ಮತ್ತೆ ಅಲ್ಲೇ ಇಡುತ್ತೇನೆ. ಬುಡದ ಮಣ್ಣು ಬುಟ್ಟಿಗೆ ಬಂದು ಗುಳಿಗಳಲ್ಲಿ ತುಂಬಿಕೊಂಡರೆ ತೊಳೆಯುವುದು ಕಷ್ಟ ಎಂಬ ಒಂದೇ ಕಾರಣಕ್ಕೆ ಚಾಕು ಬಳಸುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಮೊರೆಲ್ ಬೆವತು ಮಧ್ಯಾಹ್ನದೊಳಗೆ ಲೊಳೆಯಾಗುತ್ತದೆ, ಬಿದಿರಿನ ಬುಟ್ಟಿ ಅಥವಾ ಬಟ್ಟೆಯ ಚೀಲ ವಾಸಿ.

ಮನೆಗೆ ತಂದದ್ದನ್ನು ಉದ್ದಕ್ಕೆ ಸೀಳಿ, ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆದು, ಹುಳುಗಳಿದ್ದರೆ ಮಾತ್ರ ಉಪ್ಪುನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತೇನೆ. ಹೆಚ್ಚು ಹೊತ್ತು ನೆನೆದರೆ ಪರಿಮಳ ನೀರಿಗೆ ಹೋಗುತ್ತದೆ. ಎರಡು ಮೂರು ದಿನಗಳಲ್ಲಿ ತಿನ್ನಲಾಗದಷ್ಟು ಸಿಕ್ಕರೆ, ಸುಮಾರು 50 ಡಿಗ್ರಿ ಶಾಖದಲ್ಲಿ, ಮುರಿದರೆ ಪಟ್ಟನೆ ಸದ್ದಾಗುವವರೆಗೆ ಒಣಗಿಸುತ್ತೇನೆ. ಒಣಗಿದ ಮೇಲೆ ತೂಕ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಪರಿಮಳ ಮಾತ್ರ ಹಸಿಯದಕ್ಕಿಂತ ಗಾಢವಾಗುತ್ತದೆ. ಗಾಜಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಒಣಗಿಸಿದ್ದಕ್ಕೂ ಬೇಯಿಸುವ ನಿಯಮ ಅದೇ, ನೆನೆಸಿದ ಮಾತ್ರಕ್ಕೆ ತಿನ್ನಬಾರದು.

ಮಣ್ಣು ಬಿಸಿಯೇರಿ, ಕಾಡಿನ ನೆಲವನ್ನು ಹಸಿರು ಮುಚ್ಚುತ್ತಿದ್ದಂತೆ ಮೊರೆಲ್‌ಗಳ ಏಣು ಒಣಗಿ ಪುಡಿಯಾಗತೊಡಗುತ್ತದೆ, ಕಾಂಡದೊಳಗೆ ಹುಳು ಸೇರುತ್ತದೆ. ಅಂಥವನ್ನು ನಾನು ಕೀಳದೆ ಅಲ್ಲೇ ಬಿಡುತ್ತೇನೆ. ಆಮೇಲಿನ ತಿಂಗಳುಗಳಲ್ಲಿ ನನ್ನ ಪುಸ್ತಕದ ಇನ್ನೊಂದು ಭಾಗ ತುಂಬುತ್ತದೆ. ಬೇಸಿಗೆಯ ನಡುವೆ, ಸುತ್ತಲಿನ ಮರಗಳೆಲ್ಲ ಹಸಿರಾಗಿರುವಾಗ, ಒಂದೇ ಕೊಂಬೆಯ ಎಲೆ ಹಳದಿಯಾಗಿ ಜೋತುಬಿದ್ದ ಎಲ್ಮ್ ಕಂಡರೆ ಅದರ ಜಾಗವನ್ನು ಗುರುತು ಹಾಕಿಕೊಳ್ಳುತ್ತೇನೆ. ಆಗ ಎಲೆಯೂ ಇರುವುದರಿಂದ ಗುರುತಿಸುವುದು ಸುಲಭ, ಬುಡದಲ್ಲಿ ಎರಡು ಕಡೆ ಸಮವಿಲ್ಲದ, ಅಂಚಿನಲ್ಲಿ ಗರಗಸದಂತಹ ಹಲ್ಲುಗಳಿರುವ ಎಲೆ ಎಲ್ಮ್‌ನ ಗುರುತು. ಕಳೆದ ಬೇಸಿಗೆಯಲ್ಲಿ ಅಂತಹ ನಾಲ್ಕು ಮರಗಳು ಸಿಕ್ಕವು. ಚಳಿಗಾಲದ ಕೊನೆಯಲ್ಲಿ ಹೋಗಿ ನೋಡಿದಾಗ ಅವುಗಳಲ್ಲಿ ಒಂದರ ತೊಗಟೆ ಕಾಂಡದಿಂದ ಬಿಟ್ಟುಕೊಂಡು ಒಂದು ಅಗಲವಾದ ಚಕ್ಕೆ ಹಿಮದ ಮೇಲೆ ಬಿದ್ದಿತ್ತು. ಅದರ ಬುಡದಲ್ಲಿ ಥರ್ಮಾಮೀಟರ್ ಚುಚ್ಚಿದೆ, ಮಣ್ಣು ಇನ್ನೂ 2 ಡಿಗ್ರಿಯಲ್ಲಿತ್ತು.